ದುಡಿಮೆಯೂ ತರಬೇತಿಯ ಲೆಕ್ಕಕ್ಕೆ ಸೇರಲಿ

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಓಟ, ಸೈಕಲ್ ಎಂದರೆ ಎಲ್ಲರ ಕಣ್ಣೂ ನಂದಿಬೆಟ್ಟದ ಕಡೆಗೇ ಹೋಗುತ್ತದೆ. ವಾರದ ಕೊನೆಗೆ 1,478 ಮೀಟರ್ ಎತ್ತರದ ಆ ಬೆಟ್ಟದ ತಿರುವುಗಳನ್ನು ಹತ್ತಲು ಬೆಂಗಳೂರಿನಿಂದ ಸವಾರರು ಬರುತ್ತಾರೆ. ಅಂಥವರ ಮೊಬೈಲಿನಲ್ಲಿರುವ ತರಬೇತಿ ಪಟ್ಟಿಗಳು ಹೆಚ್ಚಾಗಿ ಕುರ್ಚಿಯಲ್ಲಿ ಕೂತು ದುಡಿಯುವವರಿಗೆ ಹೊಂದುವಂಥವು. ಮಂಡಿಕಲ್ ಹೋಬಳಿಯಲ್ಲಿ ಹಿಪ್ಪುನೇರಳೆ ತೋಟ ನೋಡಿಕೊಳ್ಳುತ್ತಲೇ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ತಯಾರಾಗುವ ಹುಡುಗನೂ ಅದೇ ಪಟ್ಟಿ ಹಿಡಿದರೆ ಮೊಣಕಾಲು ನೋವು ಕಟ್ಟಿಟ್ಟದ್ದು. ಆತ 1,600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕು, ನಿಜ. ಆದರೆ ದುಡಿಮೆಗೊಂದು, ಓಟಕ್ಕೊಂದು, ಬೆಟ್ಟ ಹತ್ತುವ ಖುಷಿಗೊಂದು ಎಂದು ದೇಹ ಬೇರೆ ಬೇರೆ ಖಾತೆ ಇಟ್ಟುಕೊಂಡಿರುವುದಿಲ್ಲ. ದಣಿವೆಲ್ಲ ಒಂದೇ ಕಡೆ ಜಮೆಯಾಗುತ್ತದೆ.

ರೇಷ್ಮೆಯನ್ನೇ ನೋಡಿ. ಮೊಟ್ಟೆಯೊಡೆದ ಹುಳು ಗೂಡು ಕಟ್ಟುವ ಹೊತ್ತಿಗೆ ಸುಮಾರು 25 ದಿನ. ಅದು ತಿನ್ನುವ ಒಟ್ಟು ಸೊಪ್ಪಿನಲ್ಲಿ ಶೇ 80ಕ್ಕೂ ಹೆಚ್ಚು ಖರ್ಚಾಗುವುದು ನಾಲ್ಕನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಮೇಲಿನ ಏಳೆಂಟು ದಿನಗಳಲ್ಲಿ. ಆ ವಾರವೆಲ್ಲ ಸೊಪ್ಪು ಕೊಯ್ಯಬೇಕು, ಹೊರಬೇಕು, ಹಗಲು ರಾತ್ರಿ ಹುಳುವಿಗೆ ಹಾಕಬೇಕು. ಹುಳು ಹಣ್ಣಾಯಿತೆಂದರೆ ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ಧಾವಂತ. ಸೊಂಟಕ್ಕೆ ಬಿಡುವಿಲ್ಲ, ಕಣ್ಣಿಗೆ ನಿದ್ದೆಯಿಲ್ಲ. ಓಟದ ತರಬೇತಿಗೂ ಇಂಥದೇ ಒಂದು ಸುತ್ತು ಇದೆ. ಮೂರು ವಾರ ಹಂತ ಹಂತವಾಗಿ ಏರಿಸಿ ನಾಲ್ಕನೆಯ ವಾರ ಇಳಿಸುವುದು ರೂಢಿ. ಸ್ನಾಯು ಬಲಗೊಳ್ಳುವುದು ಓಡುವಾಗಲ್ಲ, ಓಡಿದ ಮೇಲೆ ಸಿಗುವ ವಿಶ್ರಾಂತಿಯಲ್ಲಿ ಎಂಬುದೇ ಅದಕ್ಕೆ ಕಾರಣ. ಆ ಇಳಿಕೆಯ ವಾರವನ್ನು ಹುಳುವಿನ ಕೊನೆಯ ವಾರಕ್ಕೆ ಹೊಂದಿಸಿದರಾಯಿತು. ಗೂಡು ಶಿಡ್ಲಘಟ್ಟದ ಮಾರುಕಟ್ಟೆ ಸೇರಿ, ಎರಡು ರಾತ್ರಿ ಸರಿಯಾಗಿ ನಿದ್ದೆಯಾದ ಮೇಲೆ ವೇಗದ ಓಟ ಶುರುಮಾಡಬಹುದು.

ದಿನವಿಡೀ ಹೊಲದಲ್ಲಿ ದುಡಿಯುವವನಿಗೆ ಓಟವೇಕೆ ಎಂದು ಹಿರಿಯರು ಕೇಳುತ್ತಾರೆ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಗಮನಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪ್ರಶ್ನೆಗೆ ಉತ್ತರ ಕೊಡುತ್ತದೆ. ಬಿಡುವಿನ ವೇಳೆಯ ವ್ಯಾಯಾಮ ಹೆಚ್ಚಾದಂತೆ ಹೃದ್ರೋಗದ ಅಪಾಯ ತಗ್ಗಿತ್ತು. ಕೆಲಸದಲ್ಲಿನ ಮೈಶ್ರಮ ಹೆಚ್ಚಾದಂತೆ ಅಪಾಯವೂ ಏರಿತ್ತು. ಬಗ್ಗಿ, ಹೊತ್ತು, ತಾಸುಗಟ್ಟಲೆ ಬಿಡುವಿಲ್ಲದೆ ಮಾಡುವ ಕೆಲಸ ರಕ್ತದೊತ್ತಡವನ್ನು ಮೇಲೆಯೇ ಹಿಡಿದಿಡುತ್ತದೆ, ಹೃದಯಕ್ಕೆ ಚುರುಕಿನ ಅಭ್ಯಾಸವನ್ನಾಗಲಿ ವಿಶ್ರಾಂತಿಯನ್ನಾಗಲಿ ಕೊಡುವುದಿಲ್ಲ ಎಂಬುದು ಸಂಶೋಧಕರು ಕೊಡುವ ಒಂದು ವಿವರಣೆ. ಹಾಗಾಗಿ ಓಟ ಬೇಕು. ಆದರೆ ಅದು ದುಡಿಮೆಯ ಮೇಲೆ ಹೇರುವ ಇನ್ನೊಂದು ಮೂಟೆಯಾಗಬಾರದು. ಜಗತ್ತಿನ ಉತ್ತಮ ದೂರ ಓಟಗಾರರೂ ತಮ್ಮ ತರಬೇತಿಯ ಸುಮಾರು ಶೇ 80ರಷ್ಟನ್ನು ಮಾತಾಡುತ್ತಾ ಮುಗಿಸಬಹುದಾದ ನಿಧಾನ ಗತಿಯಲ್ಲೇ ಮಾಡುತ್ತಾರೆಂದು ಕ್ರೀಡಾ ವಿಜ್ಞಾನಿ ಸ್ಟೀಫನ್ ಸೈಲರ್ ಅವರ ಸಂಶೋಧನೆ ತೋರಿಸಿದೆ. ಹಾಗೆ ನೋಡಿದರೆ ಭಾನುವಾರ ಗೆಳೆಯರೊಂದಿಗೆ ಆವಲಬೆಟ್ಟವನ್ನೋ ಗುಡಿಬಂಡೆಯ ಕೋಟೆಯನ್ನೋ ಹತ್ತಿಳಿಯುವುದು ತರಬೇತಿ ತಪ್ಪಿಸಿಕೊಂಡಂತೆ ಅಲ್ಲ, ಅದೂ ತರಬೇತಿಯೇ. ಗಡಿಯಾರ ನೋಡಿಕೊಂಡು ಏದುಸಿರು ಬಿಡುತ್ತಾ ಹತ್ತಿದರೆ ಮಾತ್ರ ಆ ಲಾಭವೂ ಹೋಯಿತು, ಖುಷಿಯೂ ಹೋಯಿತು.

ವಾರದ ಎರಡೇ ದಿನ ಬೆವರಿದರೂ ಹೃದಯಕ್ಕೆ ಹೆಚ್ಚುಕಡಿಮೆ ವಾರವಿಡೀ ಹಂಚಿ ಮಾಡಿದಷ್ಟೇ ಲಾಭ ಎಂದು 2023ರ ಒಂದು ದೊಡ್ಡ ಅಧ್ಯಯನ ಹೇಳಿದ್ದು ನಗರದ ಉದ್ಯೋಗಿಗಳಿಗೆ ಸಮಾಧಾನ ತಂದಿದೆ. ಆರೋಗ್ಯದ ಮಟ್ಟಿಗೆ ಅದನ್ನು ಒಪ್ಪೋಣ. ಆದರೆ ವಾರವಿಡೀ ನಿದ್ದೆಗೆಟ್ಟವರು ನಸುಕಿನ ಮೂರಕ್ಕೆದ್ದು ಹೆದ್ದಾರಿಯಲ್ಲಿ ಕಾರು ಓಡಿಸಿಕೊಂಡು ಬಂದು ಬೆಟ್ಟ ಹತ್ತುವುದನ್ನು ಆ ಅಧ್ಯಯನ ಸಮರ್ಥಿಸುವುದಿಲ್ಲ. ಅವರ ದಣಿವಿಗೂ ಇದೇ ಲೆಕ್ಕ.

ಕಷ್ಟದ ಆಕ್ಷೇಪ ಇನ್ನೊಂದಿದೆ: ನೇಮಕಾತಿಯ ದಿನಾಂಕ ಹುಳುವಿನ ಬೆಳೆಗಾಗಿ ಕಾಯುವುದಿಲ್ಲ. ಸರಿಯೇ. ಅದಕ್ಕೇ ಅಧಿಸೂಚನೆ ಬಂದ ಮೇಲೆ ಆರು ವಾರ ಜೀವ ತೇಯುವ ಬದಲು ಒಂದು ವರ್ಷ ಮೊದಲೇ ನಿಧಾನ ಓಟ ಹಿಡಿಯಬೇಕು. ಹೆಣ್ಣುಮಕ್ಕಳ ವಿಷಯದಲ್ಲಂತೂ ಈ ಎಚ್ಚರ ಇನ್ನೂ ಮುಖ್ಯ. ಎರಡು ನಿಮಿಷದಲ್ಲಿ 400 ಮೀಟರ್ ಓಡಲು ತಯಾರಾಗುವವಳು ಹುಳು ಮನೆಯ ಕೆಲಸದ ಜೊತೆಗೆ ಅಡುಗೆಮನೆಯನ್ನೂ ನಿಭಾಯಿಸಿ ಬಂದಿರುತ್ತಾಳೆ, ಮನೆಯಲ್ಲಿ ಅದನ್ನು ಕೆಲಸವೆಂದು ಎಣಿಸುವವರೇ ಕಡಿಮೆ. ತಾಲ್ಲೂಕು ಮೈದಾನಗಳಲ್ಲಿ ಓಟ ಕಲಿಸುವವರು ಸ್ಟಾಪ್‌ವಾಚ್ ಒತ್ತುವ ಮೊದಲು ಹುಳು ಎಷ್ಟನೇ ಜ್ವರದಲ್ಲಿದೆ, ರಾತ್ರಿ ಎಷ್ಟು ನಿದ್ದೆಯಾಯಿತು ಎಂದು ಕೇಳಿ, ಅಂದಿನ ಓಟವನ್ನು ಆಮೇಲೆ ನಿರ್ಧರಿಸಲಿ.