ರೀಲಿಗೆ ಇವತ್ತಿನ ಸಮುದ್ರ ಗೊತ್ತಿಲ್ಲ ಮಾರಾಯ್ರೆ

ಭಾಗ 1

ಸೆಮಿಸ್ಟರ್ ಪರೀಕ್ಷೆ ಮುಗಿಯುದೇ ತಡ, ಎಲ್ಲ ಗ್ರೂಪಲ್ಲೂ ಒಂದೇ ಗಲಾಟೆ. ಮಂಗಳೂರಿಂದ ಗೋಕರ್ಣ, 2 ದಿನ, ತಲೆಗೆ 2 ಸಾವಿರ. ಒಬ್ಬ ಹತ್ತು ರೀಲ್ ಕಳಿಸ್ತಾನೆ, ಇನ್ನೊಬ್ಬಳು ಅದನ್ನೆಲ್ಲ ಸೇವ್ ಮಾಡ್ತಾಳೆ, ಪ್ಲಾನ್ ಆಯ್ತು. ಅಲ್ಲಿ ಹೋಗಿ ಯಾರನ್ನು ಕೇಳುದು, ಬೋಟ್ ಉಂಟಾ ಇಲ್ವಾ, ಬಸ್ ಯಾವ ಸ್ಟ್ಯಾಂಡಿಂದ, ಇದು ಯಾವುದೂ ಚರ್ಚೆಗೇ ಬರುದಿಲ್ಲ.

ಈಗ ಒಂದು ಪ್ರಶ್ನೆ. ಪ್ರವಾಸೋದ್ಯಮ ಇಲಾಖೆಯ ಜಿಲ್ಲಾ ಕಚೇರಿ ಮಂಗಳೂರಲ್ಲಿ ಎಲ್ಲುಂಟು, ಯಾರಿಗೆ ಗೊತ್ತು? ನಮ್ಮ ಕ್ಲಾಸಲ್ಲಿ ಕೇಳಿದೆ. 60 ಜನರಲ್ಲಿ ಒಬ್ಬರೂ ಕೈ ಎತ್ತಲಿಲ್ಲ. ಹೊಸ ಕೆಫೆ ಎಲ್ಲಿ ಓಪನ್ ಆಗಿದೆ ಅಂತ ಕೇಳಿದರೆ 60 ಕೈಯೂ ಮೇಲೆ.

ನನ್ನ ಮಾತು ಇಷ್ಟೇ. ಕರಾವಳಿ ಟ್ರಿಪ್ ಮಾಡುವವರು ಮೊದಲು ಒಂದು ಮಾಹಿತಿ ಕೌಂಟರಿಗೆ ಹೋಗಿ, ಬಾಯಿ ಬಿಟ್ಟು ಕೇಳಬೇಕು. ಕೌಂಟರ್ ಸರಿ ಇಲ್ಲದಿದ್ದರೆ ಅದನ್ನು ಸರಿ ಮಾಡಿಸುದೂ ನಮ್ಮದೇ ಕೆಲಸ. ಬೈಯುವವರು ಪೂರ್ತಿ ಓದಿ ಬೈಯಿರಿ.

ಭಾಗ 2

ರೀಲಿನ ದೊಡ್ಡ ತೊಂದರೆ ಅದರಲ್ಲಿ ಸುಳ್ಳು ಇರುದಲ್ಲ, ತಾರೀಕು ಇಲ್ಲದಿರುದು. ಡಿಸೆಂಬರಲ್ಲಿ ತೆಗೆದ ಸೇಂಟ್ ಮೇರೀಸ್ ದ್ವೀಪದ ವೀಡಿಯೊ ನಿಮಗೆ ಜುಲೈಯಲ್ಲಿ ಬರ್ತದೆ. ನೀಲಿ ನೀರು, ಕಂಬದ ಹಾಗೆ ನಿಂತ ಕಪ್ಪು ಕಲ್ಲು, ಹಿಂದೆ ಒಂದು ಹಾಡು. ಬೆಂಗಳೂರಿಂದ ರಾತ್ರಿ ಬಸ್ ಹತ್ತಿ ಮಲ್ಪೆಗೆ ಬಂದು ಇಳಿದರೆ ಬೋಟೇ ಇಲ್ಲ. ಮಳೆಗಾಲದಲ್ಲಿ ದ್ವೀಪಕ್ಕೆ ಬೋಟ್ ಬಿಡುದಿಲ್ಲ ಅಂತ ಮಲ್ಪೆಯ ಚಾ ಅಂಗಡಿಯವರಿಗೂ ಗೊತ್ತು. ರೀಲ್ ಮಾಡಿದವನಿಗೂ ಗೊತ್ತಿರಬಹುದು, ಆದರೆ ಹೇಳಲಿಲ್ಲ. ಯಾಕೆ ಹೇಳ್ತಾನೆ?

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕಡಲಲ್ಲಿ ಯಾಂತ್ರಿಕ ಮೀನುಗಾರಿಕೆಗೆ 61 ದಿನ ನಿಷೇಧ. ಆ ಟೈಮಲ್ಲಿ 'ಈಗಷ್ಟೇ ಬಂದ ಅಂಜಲ್' ಅಂತ ಕ್ಯಾಪ್ಶನ್ ಹಾಕುವವರನ್ನು ನೋಡಿದರೆ ನನಗೆ ನಗು ಬರ್ತದೆ. ಇರಲಿ, ಮೀನಿನ ವಿಷಯಕ್ಕೆ ಹೋದರೆ ಈ ಪೋಸ್ಟ್ ಮುಗಿಯುದಿಲ್ಲ.

2022ರ ಮೇ ತಿಂಗಳಲ್ಲಿ ಮಲ್ಪೆಯಲ್ಲಿ ತೇಲುವ ಸೇತುವೆ ಶುರುವಾಯ್ತು, ನೆನಪುಂಟಾ? ಎಲ್ಲರ ಫೀಡಲ್ಲೂ ಅದೇ. ಕೆಲವೇ ದಿನದಲ್ಲಿ ಅಲೆಯ ಹೊಡೆತಕ್ಕೆ ಅದು ಬಿಟ್ಟುಹೋಯ್ತು. ವೀಡಿಯೊ ಮಾತ್ರ ವಾರಗಟ್ಟಲೆ ಓಡ್ತಾ ಇತ್ತು.

ಭಾಗ 3

ಇದು ನಗುವ ವಿಷಯ ಅಲ್ಲ.

2022ರ ಏಪ್ರಿಲಲ್ಲಿ ಕೇರಳದ ಕಾಲೇಜೊಂದರಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಬಂದಿದ್ದ ಮೂವರು ವಿದ್ಯಾರ್ಥಿಗಳು ನೀರುಪಾಲಾದರು. 2024ರ ಡಿಸೆಂಬರಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯಿಂದ ಪ್ರವಾಸಕ್ಕೆ ಬಂದ ನಾಲ್ವರು ಹುಡುಗಿಯರು ಮುರುಡೇಶ್ವರದ ಸಮುದ್ರದಲ್ಲಿ ಹೋದರು. ಆ ಮೇಲೆ ಬೀಚಿಗೆ ಪ್ರವೇಶ ಬಂದ್ ಮಾಡಿದರು.

ಆ ಮಕ್ಕಳದ್ದು ತಪ್ಪು ಅಂತ ನಾನು ಹೇಳುದಿಲ್ಲ. ಹೇಳುವವರ ಬಾಯಿ ಮುಚ್ಚಿಸಬೇಕು. ಕೋಲಾರದ ಮಗುವಿಗೆ ಸಮುದ್ರ ಹೇಗೆ ಎಳೀತದೆ ಅಂತ ಗೊತ್ತಿರಬೇಕಾ? ನಮ್ಮ ಊರಿನವರಿಗೆ ಗೊತ್ತುಂಟು. ಸೋಮೇಶ್ವರದ ರುದ್ರಪಾದೆಯ ಹತ್ತಿರ ನೀರಿಗೆ ಇಳಿಯಬಾರದು ಅಂತ ಉಳ್ಳಾಲದ ಯಾವ ಅಜ್ಜಿಯನ್ನು ಕೇಳಿದರೂ ಹೇಳ್ತಾರೆ. ಮೇಲಿಂದ ಶಾಂತ, ಅಡಿಯಲ್ಲಿ ಸೆಳೆತ. ಈ ಮಾತು ಅಜ್ಜಿಯ ಬಾಯಲ್ಲಿ ಉಂಟು, ಮೀನುಗಾರರ ಬಾಯಲ್ಲಿ ಉಂಟು, ಬೀಚಲ್ಲಿ ಸೀಟಿ ಊದುವ ಹೋಂಗಾರ್ಡಿನ ಬಾಯಲ್ಲಿ ಉಂಟು. ಬಸ್ಸಿಂದ ಇಳಿದವನ ಕಿವಿಗೆ ಅದು ಮುಟ್ಟುವ ದಾರಿ ಮಾತ್ರ ಇಲ್ಲ. ಆ ದಾರಿಯೇ ಮಾಹಿತಿ ಕೇಂದ್ರ. ಬಣ್ಣದ ಕರಪತ್ರ ಹಂಚುವ ಜಾಗ ಅಂತ ನೀವು ತಿಳಿದುಕೊಂಡಿದ್ದೀರಲ್ಲ, ಅದಲ್ಲ.

ಭಾಗ 4

ಹಣದ ಲೆಕ್ಕಕ್ಕೆ ಬರ್ತೇನೆ, ಬಿಕಾಂ ಓದಿ ಇಷ್ಟಾದರೂ ಮಾಡದಿದ್ದರೆ ಹೇಗೆ.

ಹೊರಗಿಂದ ಬರುವವರಿಗೆ ಮಂಗಳೂರು ಒಂದು ಒಗಟು. ರೈಲ್ವೆ ಸ್ಟೇಷನ್ ಎರಡು: ಸೆಂಟ್ರಲ್ ಮತ್ತು ಜಂಕ್ಷನ್. ಗೋವಾ ಕಡೆಗೆ ಹೋಗುವ ಎಷ್ಟೋ ದೂರದ ರೈಲುಗಳು ಸೆಂಟ್ರಲ್‌ಗೆ ಬರುದೇ ಇಲ್ಲ, ಜಂಕ್ಷನ್ನಿಂದಲೇ ಹೋಗ್ತವೆ. ಮೇಲಿಂದ ಕೊಂಕಣ ರೈಲ್ವೆಗೆ ಮಳೆಗಾಲದಲ್ಲಿ ಬೇರೆಯೇ ವೇಳಾಪಟ್ಟಿ. ಸರ್ಕಾರಿ ಬಸ್ ಬಿಜೈಯಿಂದ, ಖಾಸಗಿ ಬಸ್ ಸ್ಟೇಟ್‌ಬ್ಯಾಂಕಿಂದ. 'ಸ್ಟೇಟ್‌ಬ್ಯಾಂಕ್' ಅಂದರೆ ಬಸ್ ಸ್ಟ್ಯಾಂಡ್ ಅಂತ ನಮಗೆ ಹುಟ್ಟುವಾಗಲೇ ಗೊತ್ತು. ಹುಬ್ಬಳ್ಳಿಯವನು ಪಾಸ್‌ಬುಕ್ ಹಿಡಿದು ಬ್ಯಾಂಕೊಳಗೆ ಹೋದರೆ ಅವನ ತಪ್ಪಾ?

ತಣ್ಣೀರುಬಾವಿಗೆ ಮ್ಯಾಪ್ ಹಾಕಿ ನೋಡಿ. ಕೂಳೂರು ಸುತ್ತಿ ಬನ್ನಿ ಅನ್ನುತ್ತದೆ. ಸುಲ್ತಾನ್ ಬತ್ತೇರಿಗೆ ಹೋಗಿ ಫೆರಿ ಹತ್ತಿದರೆ ಹೊಳೆ ದಾಟಿದ ಹಾಗೇ ಬೀಚಿನ ದಾರಿ. ಬತ್ತೇರಿಯನ್ನೂ ನೋಡಿದ ಹಾಗಾಯ್ತು, ಆಟೋದ ಹಣವೂ ಉಳೀತು. ಇದನ್ನು ಕೌಂಟರಲ್ಲಿ ಕೂತ ಒಬ್ಬ ಊರಿನ ಮನುಷ್ಯ ಅರ್ಧ ನಿಮಿಷದಲ್ಲಿ ಹೇಳ್ತಾನೆ, ಇವತ್ತು ಫೆರಿ ಉಂಟಾ ಇಲ್ವಾ ಅನ್ನುದನ್ನೂ ಸೇರಿಸಿ.

ಭಾಗ 5

ಈಗ ನನಗೆ ನಿಜವಾಗಿ ಸಿಟ್ಟು ಬರುವ ವಿಷಯ.

ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶದ ಪ್ರವಾಸಿ ಹಡಗು ಬಂದಾಗ ಎಂತ ಆಗ್ತದೆ, ಪೇಪರಲ್ಲಿ ನೋಡಿದ್ದೀರಿ. ಯಕ್ಷಗಾನದ ವೇಷ ಹಾಕಿ ಸ್ವಾಗತ, ಸಾಲು ಸಾಲು ಬಸ್, ಟ್ಯಾಕ್ಸಿ, ಸೆಲ್ಫಿಗೊಂದು ಜಾಗ. ಮೂಡುಬಿದಿರೆಯ ಸಾವಿರ ಕಂಬದ ಬಸದಿ, ಅಲೋಶಿಯಸ್ ಚಾಪೆಲ್ಲಿನ ಚಿತ್ರಗಳು, ಕುದ್ರೋಳಿ, ಗೇರುಬೀಜದ ಫ್ಯಾಕ್ಟರಿ, ಎಲ್ಲ ತೋರಿಸಿ ಸಂಜೆಗೆ ವಾಪಸ್ ಹಡಗಿಗೆ. ಒಳ್ಳೇದೇ. ಬೇಡ ಅನ್ನುದಿಲ್ಲ.

ಆದರೆ ರಾಯಚೂರಿಂದ ಹದಿನೈದು ಗಂಟೆ ಬಸ್ಸಲ್ಲಿ ಕೂತು ಬಂದ ಒಂದು ಕುಟುಂಬ ಬೆಳಿಗ್ಗೆ ಆರಕ್ಕೆ ಇಳಿದಾಗ ಎದುರಿಗೆ ಯಾರು? ಆಟೋದವರು, ಲಾಡ್ಜಿನ ಏಜೆಂಟರು. ಆಟೋದವರು ಒಳ್ಳೆಯವರೇ, ನಮ್ಮ ಮಾವನೂ ಆಟೋ ಓಡಿಸ್ತಾರೆ. ಆದರೆ ಮಾಹಿತಿ ಕೊಡುವವನಿಗೂ ಬಾಡಿಗೆ ತೆಗೆದುಕೊಳ್ಳುವವನಿಗೂ ವ್ಯತ್ಯಾಸ ಬೇಡ್ವಾ? ಕೆಲವು ಗಂಟೆ ಇದ್ದು ಹೋಗುವವರಿಗೆ ಇಷ್ಟು ವ್ಯವಸ್ಥೆ ಮಾಡಲು ಆಗ್ತದೆ ಅಂದರೆ, ಮಾಡಲು ಬರುದಿಲ್ಲ ಅನ್ನುವ ನೆಪ ಅಲ್ಲಿಗೇ ಮುಗೀತು.

ತಲಪಾಡಿ ದಾಟಿ ನೋಡಿ. ಕೇರಳದಲ್ಲಿ ಜಿಲ್ಲೆಗೊಂದು ಪ್ರವಾಸೋದ್ಯಮ ಉತ್ತೇಜನ ಮಂಡಳಿ, ಡಿಟಿಪಿಸಿ ಅಂತ ಉಂಟು, ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಎಷ್ಟೋ ರೈಲ್ವೆ ಸ್ಟೇಷನ್, ಏರ್‌ಪೋರ್ಟಲ್ಲಿ ಅವರ ಪ್ರವಾಸೋದ್ಯಮ ಇಲಾಖೆಯ ಮಾಹಿತಿ ಕೌಂಟರ್. 1956ರವರೆಗೆ ಕಾಸರಗೋಡು ನಮ್ಮದೇ ಜಿಲ್ಲೆ. ಬೇಕಲ ಕೋಟೆ ಕಟ್ಟಿಸಿದ್ದು ಕೆಳದಿಯ ಶಿವಪ್ಪ ನಾಯಕ ಅಂತಾರೆ. ಅದೇ ಕಡಲು, ಅದೇ ಮರಳು. ವ್ಯತ್ಯಾಸ ಕಡಲಲ್ಲಿ ಇಲ್ಲ.

ನಮ್ಮಲ್ಲಿ ಆಗುದೇ ಇಲ್ಲ ಅಂತಲೂ ಅಲ್ಲ. ಪಡುಬಿದ್ರೆಗೆ ಮತ್ತು ಹೊನ್ನಾವರದ ಕಾಸರಕೋಡಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಸಿಕ್ಕಿತು. ನೀರಿನ ಗುಣಮಟ್ಟ ಬೋರ್ಡಲ್ಲಿ ಹಾಕಬೇಕು, ನಕ್ಷೆ ಇರಬೇಕು, ಕಾಯುವವರು ಇರಬೇಕು, ಇವೆಲ್ಲ ಆ ಮಾನ್ಯತೆಯ ಷರತ್ತು. ಹೊರಗಿನವರು ಷರತ್ತು ಹಾಕಿದರೆ ಮಾಡ್ತೇವೆ. ನಾವು ಕೇಳುದಿಲ್ಲ, ಹಾಗಾಗಿ ಮಾಡುದಿಲ್ಲ.

ಭಾಗ 6

'ಅಲ್ಲಿ ಹೋದರೆ ಯಾರೂ ಇರುದಿಲ್ಲ ಮಾರಾಯ' ಅಂತ ಈಗಲೇ ನಾಲ್ಕು ಮೆಸೇಜ್ ಬಂದಾಯ್ತು. ಸರಿ, ನಾನೂ ಹೋಗಿದ್ದೇನೆ. ಒಂದು ಕಡೆ ಸಂಜೆ ನಾಲ್ಕಕ್ಕೂ 'ಊಟಕ್ಕೆ ಹೋಗಿದ್ದಾರೆ' ಬೋರ್ಡ್. ಇನ್ನೊಂದು ಕಡೆ ಒಬ್ಬರು ಅಕ್ಕ ಇದ್ದರು. ಉಡುಪಿ, ಕಾಪು, ಪಡುಬಿದ್ರೆ ಒಂದೇ ದಿನದಲ್ಲಿ ಬಸ್ಸಲ್ಲೇ ಆಗ್ತದಾ ಅಂತ ಕೇಳಿದೆ. ಕರಪತ್ರ ಕೊಡಲು ಕೈ ಹಾಕಿದವರು ಅದನ್ನು ತಿರುಗಿಸಿ, ಹಿಂದಿನ ಖಾಲಿ ಜಾಗದಲ್ಲಿ ಪೆನ್ನಿಂದ ಗೆರೆ ಎಳೆದು ತೋರಿಸಿದರು: ಮೊದಲು ಉಡುಪಿ ಮುಗಿಸಿ, ವಾಪಸ್ ಬರುವಾಗ ಕಾಪು, ಹೆದ್ದಾರಿಯಲ್ಲಿ ಇಳಿದು ಇಷ್ಟು ನಡೀಬೇಕು, 1901ರ ದೀಪಸ್ತಂಭ ನೋಡುವುದಿದ್ದರೆ ಸಂಜೆ ಹೊತ್ತಿಗೆ ಹೋಗಿ, ಪಡುಬಿದ್ರೆ ಇನ್ನೊಂದು ದಿನಕ್ಕೆ ಇಡಿ. 'ಹೀಗೆ ಕೇಳಿಕೊಂಡು ಬರುವವರೇ ಇಲ್ಲ ಮಗಾ' ಅಂದರು.

ಆ ಮಾತನ್ನು ಲೆಕ್ಕದ ಪುಸ್ತಕಕ್ಕೆ ಹಾಕಿ ನೋಡಿ. ಬರುವವರಿಲ್ಲ, ರಿಜಿಸ್ಟರ್ ಖಾಲಿ. ರಿಜಿಸ್ಟರ್ ಖಾಲಿ ಅಂದರೆ ಜನ ಬೇಡ, ಹಣ ಬೇಡ ಅಂತ ಮೇಲಿನವರು ತೀರ್ಮಾನ ಮಾಡ್ತಾರೆ. ಜನ ಇಲ್ಲದ್ದಕ್ಕೆ ನಾವು ಹೋಗುದಿಲ್ಲ. ಸುತ್ತು ತಿರುಗಿ ಲಾಭ ಯಾರಿಗೆ? ದುಡ್ಡು ತೆಗೆದುಕೊಂಡು ರೆಸಾರ್ಟಿನ ರೀಲ್ ಮಾಡುವವನಿಗೆ.

ಹಾಗಾಗಿ ಹೋಗಿ, ಆದರೆ ಖಾಲಿ ತಲೆಯಲ್ಲಿ ಹೋಗಬೇಡಿ. 'ಎಂತೆಲ್ಲ ಉಂಟು ನೋಡ್ಲಿಕ್ಕೆ' ಅಂತ ಕೇಳಿದರೆ ಕರಪತ್ರವೇ ಸಿಗುದು. ನಾಳೆ ಬೋಟ್ ಉಂಟಾ, ಕೊನೆಯ ಬಸ್ ಎಷ್ಟಕ್ಕೆ, ಈ ತಿಂಗಳು ಎಲ್ಲಿ ನೀರಿಗೆ ಇಳಿಯಬಾರದು, ಅಜ್ಜಿಯನ್ನು ಕರ್ಕೊಂಡು ಹೋದರೆ ಎಷ್ಟು ಮೆಟ್ಟಿಲು, ಹೀಗೆ ಕೇಳಿ. ಗೊತ್ತಿಲ್ಲ ಅಂದರೆ ಯಾರಿಗೆ ಗೊತ್ತು ಅಂತ ಕೇಳಿ. ಬರುವಾಗ ರಿಜಿಸ್ಟರಲ್ಲಿ ಹೆಸರು, ಊರು, ಕೇಳಿದ ಪ್ರಶ್ನೆ ಬರೆದು ಬನ್ನಿ. ಬೀಗ ಹಾಕಿದ್ದರೆ ಟೈಮ್ ಕಾಣುವ ಹಾಗೆ ಫೋಟೊ ತೆಗೆದು ನನಗೆ ಕಳಿಸಿ. ಅಲ್ಲಿ ಕೂತವರ ಮುಖ ಬೇಡ, ಬಾಗಿಲು ಮಾತ್ರ ಸಾಕು.

ಭಾಗ 7, ಕೊನೆಯದ್ದು

ಜಿಲ್ಲಾಧಿಕಾರಿ ಕಚೇರಿಗೆ ಒಂದು ಮನವಿ ಬರೆದಿದ್ದೇನೆ. ಬೇಡಿಕೆ ದೊಡ್ಡದಲ್ಲ. ಬಿಜೈ ಮತ್ತು ಸ್ಟೇಟ್‌ಬ್ಯಾಂಕಲ್ಲಿ ಒಂದೊಂದು ಮೇಜು, ಬೆಳಿಗ್ಗೆ ಆರರಿಂದ. ಒಂದು ಕಪ್ಪು ಹಲಗೆ: ಇವತ್ತು ಸಮುದ್ರ ಹೇಗುಂಟು, ಯಾವ ಬೋಟ್ ಉಂಟು, ಯಾವ ಬೀಚಲ್ಲಿ ಕೆಂಪು ಬಾವುಟ. ಕನ್ನಡ, ತುಳು, ಬ್ಯಾರಿ, ಕೊಂಕಣಿ, ಮಲಯಾಳಂ ಮಾತಾಡುವವರು ಇರಲಿ. ನಮ್ಮ ಒಂದೇ ಕ್ಲಾಸಲ್ಲಿ ಈ ಐದೂ ಭಾಷೆ ಉಂಟು. ಇಂಟರ್ನ್‌ಶಿಪ್ ಎಲ್ಲೂ ಸಿಗುದಿಲ್ಲ ಅಂತ ಅಳುವವರು ಒಂದು ತಿಂಗಳು ಅಲ್ಲಿ ಕೂರಲಿ.

ಮನವಿಯ ಪ್ರತಿ ಪ್ರೊಫೈಲಿನ ಲಿಂಕಲ್ಲಿ ಉಂಟು. ಸೋಮವಾರ ಕೊನೆಯ ಪೀರಿಯಡ್ ಆದ ಮೇಲೆ ಕೊಡಲು ಹೋಗುದು. ಬರುವವರು ಕೆಳಗೆ ಹೆಸರು ಹಾಕಿ, ಬಸ್ಸಲ್ಲಿ ಒಟ್ಟಿಗೆ ಹೋಗುವ.

#ಮಂಗಳೂರು #ಕರಾವಳಿ #ಕೌಂಟರಲ್ಲಿಕೇಳಿ