ಲೋಟದ ಗಾಳಿ, ಹಂಡೆಯ ಗಾಳಿ

ಮಳೆಗಾಲದಲ್ಲಿ ತೋಟದ ಏರುದಾರಿಯಲ್ಲಿ ಜೀಪು ಹೂತು ನಿಂತುದನ್ನು ಕಾಸರಗೋಡಿನ ಒಳನಾಡಿನಲ್ಲಾಗಲಿ ವಯನಾಡಿನಲ್ಲಾಗಲಿ ಕಾಣದ ಮಕ್ಕಳು ವಿರಳ. ಹಿಂದಿನ ಒಂದು ಚಕ್ರ ಕೆಸರಿನಲ್ಲಿ ಗಿರ್ರನೆ ತಿರುಗುತ್ತಿರುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಗಟ್ಟಿ ಮುರಕಲ್ಲಿನ ಮೇಲಿದ್ದರೂ ಅಲುಗುವುದಿಲ್ಲ. ಚಾಲಕನು ಎಂಜಿನನ್ನು ಎಷ್ಟು ಗರ್ಜಿಸಿದರೂ ಕೆಸರು ಹಾರುತ್ತದೆಯೇ ಹೊರತು ವಾಹನ ಮುಂದರಿಯದು.

ಇದಕ್ಕೆ ಕಾರಣ ಅಚ್ಚಿನ ನಡುವೆ ಉಬ್ಬಿಕೊಂಡಿರುವ ಗೂಡಿನೊಳಗಿನ ಡಿಫರೆನ್ಷಿಯಲ್ ಎಂಬ ಹಲ್ಲುಗಾಲಿಗಳ ಕೂಟ. ಅದು ದೋಷವಲ್ಲ, ಅಗತ್ಯ. ಎಡ ಬಲ ಚಕ್ರಗಳ ನಡುವೆ ಒಂದೂವರೆ ಮೀಟರ್ ಅಂತರವಿರುವ ವಾಹನ ಒಂದು ಪೂರ್ಣ ಸುತ್ತು ತಿರುಗಿದರೆ ಹೊರಗಿನ ಚಕ್ರ ಒಳಗಿನದಕ್ಕಿಂತ ಸುಮಾರು 9.4 ಮೀಟರ್ ಹೆಚ್ಚು ಓಡಬೇಕಾಗುತ್ತದೆ. ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೂ ವೃತ್ತದ ಪರಿಧಿಯ ಸೂತ್ರದಿಂದ ಇದನ್ನು ಕಂಡುಕೊಳ್ಳಬಹುದು. ಈ ವ್ಯತ್ಯಾಸಕ್ಕೆ ಆಸ್ಪದ ಕೊಡುವ ಯಂತ್ರವು ಎರಡೂ ಚಕ್ರಗಳಿಗೆ ಸಮಾನ ತಿರುಗುಬಲವನ್ನು ಹಂಚುತ್ತದೆ. ಜಾರುವ ಚಕ್ರ ಎಷ್ಟು ಅಲ್ಪ ಬಲವನ್ನು ತಡೆದುಕೊಳ್ಳಬಲ್ಲುದೋ ಅಷ್ಟೇ ಬಲ ಗಟ್ಟಿ ನೆಲದ ಚಕ್ರಕ್ಕೂ ದೊರೆಯುತ್ತದೆ. ಸಮಾನತೆಯೇ ಇಲ್ಲಿ ವಾಹನವನ್ನು ಕಟ್ಟಿಹಾಕುವುದು.

ಹೊರಬರುವ ದಾರಿಯೆಂದರೆ ಆ ಹಲ್ಲುಗಾಲಿಗಳ ಸ್ವಾತಂತ್ರ್ಯವನ್ನು ತುಸು ಹೊತ್ತು ಕಸಿದುಕೊಂಡು, ಎರಡೂ ಚಕ್ರಗಳು ಒಂದೇ ವೇಗದಲ್ಲಿ ತಿರುಗುವಂತೆ ಬಿಗಿಯುವುದು. ಅದೇ ಲಾಕಿಂಗ್ ಡಿಫರೆನ್ಷಿಯಲ್. ನಮ್ಮ ದೇಶದ ಫೋರ್ಸ್ ಗೂರ್ಖಾದಲ್ಲಿ ಈ ಬಿಗಿತವನ್ನು ಚಾಲಕನು ಯಾಂತ್ರಿಕವಾಗಿ ತೊಡಿಸುತ್ತಾನೆ. ಬೇರೆ ಕೆಲವು ವಾಹನಗಳಲ್ಲಿ ವಿದ್ಯುತ್ತು ಆ ಕೆಲಸ ಮಾಡುತ್ತದೆ. ಗಾಳಿಯಿಂದ ಕೆಲಸ ಮಾಡುವ ಬಗೆಗೆ ಹೆಸರಾದುದು 1975ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ಆಂಥೊನಿ ರೊನಾಲ್ಡ್ ಬ್ರೌನ್ ಸ್ಥಾಪಿಸಿದ, ಅವರ ಹೆಸರಿನ ಮೊದಲಕ್ಷರಗಳನ್ನೇ ಹೊತ್ತ, ಎ.ಆರ್.ಬಿ. ಸಂಸ್ಥೆ. ಅದರ ಏರ್ ಲಾಕರಿನಲ್ಲಿ ಗುಂಡಿಯೊತ್ತಿದರೆ ತೆಳ್ಳನೆಯ ಕೊಳವೆಯ ಮೂಲಕ ಗಾಳಿ ಗೂಡಿಗೆ ನುಗ್ಗಿ ಒಂದು ಹಲ್ಲುಬಳೆಯನ್ನು ಸರಿಸುತ್ತದೆ. ಗಾಳಿ ಹೊರಟೊಡನೆ ಸ್ಪ್ರಿಂಗ್ ಅದನ್ನು ಹಿಂದಕ್ಕೆ ತಳ್ಳುತ್ತದೆ. ಕಲ್ಲಿನ ಕೋರೆಗಳಿಂದ ಬರುವ ದೊಡ್ಡ ಟಿಪ್ಪರುಗಳಲ್ಲಿಯೂ ಗಾಳಿಯ ಲಾಕು ಉಂಟು. ಆದರೆ ಬ್ರೇಕಿಗಾಗಿಯೇ ಲಾರಿಯು ಗಾಳಿಯ ತೊಟ್ಟಿಯನ್ನು ಹೊತ್ತಿರುತ್ತದೆ. ನಿಂತಾಗ ಕೇಳಿಸುವ ‘ಸ್ಸ್’ ಎಂಬ ಸದ್ದು ಅದರದೇ. ಜೀಪಿಗೆ ಹುಟ್ಟಿನಿಂದ ಬಂದ ಗಾಳಿಯಿಲ್ಲ. ಎಲ್ಲಿಂದ ತರುವುದು ಎಂಬುದೇ ಪ್ರಶ್ನೆ.

ಬಹಳ ಮಂದಿ ಇಲ್ಲಿ ಎಡವುವುದು ಒತ್ತಡವನ್ನೂ ಪರಿಮಾಣವನ್ನೂ ಒಂದೆಂದು ಭಾವಿಸುವುದರಿಂದ. ಏರ್ ಲಾಕರಿಗೆ ಬೇಕಾದುದು ಸುಮಾರು 85ರಿಂದ 105 ಪಿ.ಎಸ್.ಐ. ಒತ್ತಡ. ಪೆಟ್ರೋಲ್ ಪಂಪಿನಲ್ಲಿ ಕಾರಿನ ಟೈರಿಗೆ ತುಂಬಿಸುವ 32 ಅಥವಾ 36ಕ್ಕೆ ಹೋಲಿಸಿದರೆ ಇದು ಮೂರುಪಟ್ಟು. ಆದರೆ ಗೂಡಿನೊಳಗಿನ ಕೋಶ ಮತ್ತು ಕೊಳವೆ ಎರಡೂ ಸೇರಿ ಹಿಡಿಯುವ ಜಾಗ ಸಣ್ಣ ಕಾಫಿ ಲೋಟದಷ್ಟೇ. ಅದನ್ನು 100 ಮಿಲಿಲೀಟರ್ ಎಂದು ಧಾರಾಳವಾಗಿ ಎಣಿಸಿದರೂ, 100 ಪಿ.ಎಸ್.ಐ.ಗೆ ಏರಿಸಲು ಹೊರಗಿನಿಂದ ಸೆಳೆಯಬೇಕಾದ ಗಾಳಿ ಮುಕ್ಕಾಲು ಲೀಟರಿಗಿಂತ ಕಡಿಮೆ. ಬಾಯ್ಲನ ನಿಯಮ ಬಲ್ಲವರಿಗೆ ಇದು ಎರಡು ಸಾಲಿನ ಲೆಕ್ಕ.

ಟೈರಿನ ಕಥೆ ಬೇರೆ. ಆಸ್ಟ್ರೇಲಿಯಾದ ನಡುವಣ ಸಿಂಪ್ಸನ್ ಮರುಭೂಮಿಯಲ್ಲಿ ಸಾವಿರಕ್ಕೂ ಮಿಕ್ಕಿದ ಮರಳುದಿಬ್ಬಗಳು ಸಾಲಾಗಿ ನಿಂತಿವೆ. ಅವುಗಳನ್ನು ದಾಟುವವರು ಲಾಕಿಗಿಂತ ಮೊದಲು ಮಾಡುವ ಕೆಲಸ ಟೈರಿನ ಗಾಳಿಯನ್ನು 18 ಪಿ.ಎಸ್.ಐ. ಆಸುಪಾಸಿಗೆ ಇಳಿಸುವುದು. ಟೈರು ಚಪ್ಪಟೆಯಾಗಿ ಮರಳನ್ನು ಅಗಲವಾಗಿ ತುಳಿಯುತ್ತದೆ. ಗಟ್ಟಿ ರಸ್ತೆಗೆ ಮರಳಿದಾಗ ಮತ್ತೆ ತುಂಬಲೇಬೇಕು, ಇಲ್ಲವಾದರೆ ವೇಗದಲ್ಲಿ ಟೈರು ಕಾದು ಹರಿಯುವ ಭಯ. ಆ ಬಗೆಯ ವಾಹನದ ದೊಡ್ಡ ಟೈರೊಂದರ ಒಳಾವಕಾಶ ಸುಮಾರು 75 ಲೀಟರ್. 18ರಿಂದ 36ಕ್ಕೆ ಏರಿಸಲು ಟೈರೊಂದಕ್ಕೆ 90 ಲೀಟರಿನಷ್ಟು ಹೊರಗಾಳಿ ಬೇಕು, ನಾಲ್ಕಕ್ಕೆ 360. ಲಾಕು ಕೇಳುವುದು ಲೋಟವನ್ನು, ಟೈರು ಕೇಳುವುದು ಹಂಡೆಗಟ್ಟಲೆ.

ಆದುದರಿಂದ ಲಾಕಿಗಾಗಿ ಗಾಳಿ ಆಯುವವರು ನಿಜವಾಗಿ ಕೇಳಿಕೊಳ್ಳಬೇಕಾದುದು ಟೈರಿನ ಪ್ರಶ್ನೆಯನ್ನು. ಟೈರು ತುಂಬುವ ಉದ್ದೇಶವಿಲ್ಲದಿದ್ದರೆ ಅಂಗೈಯಗಲದ, 12 ವೋಲ್ಟಿನ ಸಣ್ಣ ಕಂಪ್ರೆಸರು ಸಾಕು. ಅದಕ್ಕೆ ಮೇಲಿನದು ಹಣದ ಪೋಲು. ಟೈರನ್ನೂ ತುಂಬಬೇಕಾದರೆ ನಿಮಿಷಕ್ಕೆ 60 ಲೀಟರಿನ ಆಸುಪಾಸು ಎಳೆಯುವ ಯಂತ್ರ ಬೇಕಾಗುತ್ತದೆ. ಒತ್ತಡ ಏರಿದಂತೆ ಅದರ ಸಾಮರ್ಥ್ಯ ಕುಗ್ಗುವುದರಿಂದ ನಾಲ್ಕು ಟೈರಿಗೆ ಹತ್ತು ನಿಮಿಷವಾದರೂ ತಗಲುತ್ತದೆ. ಈ ಯಂತ್ರಗಳಿಗೆ ಬಿಸಿಯೇ ಶತ್ರು. ಕೆಲವನ್ನು ನಡುನಡುವೆ ತಣಿಯಲು ಬಿಡಬೇಕು; ಎಂಜಿನಿನ ಕಾವಿನಿಂದ ದೂರ, ಕೆಸರುನೀರು ತಲಪದ ಎತ್ತರದಲ್ಲಿ ಕೂರಿಸಬೇಕು. ತೆಳು ತಂತಿಯಿಂದ ವಿದ್ಯುತ್ತು ಕೊಟ್ಟು ಕಂಪ್ರೆಸರನ್ನು ದೂರುವವರೂ ಉಂಟು.

ಹಳೆಯ ಕಾರುಗಳ ಹವಾನಿಯಂತ್ರಣದ ಕಂಪ್ರೆಸರನ್ನೇ ಗಾಳಿಯಂತ್ರವಾಗಿ ಮಾರ್ಪಡಿಸುವ ಜಾಣತನ ಅಮೆರಿಕದಲ್ಲಿ ಬಹುಕಾಲದಿಂದ ಇದೆ. ಯಾರ್ಕ್ ಎಂಬ ಮಾದರಿ ತನ್ನ ಎಣ್ಣೆಯನ್ನು ತನ್ನ ಹೊಟ್ಟೆಯಲ್ಲೇ ಇರಿಸಿಕೊಳ್ಳುವುದರಿಂದ ಆ ಕೆಲಸಕ್ಕೆ ಒಗ್ಗಿತು. ಎಂಜಿನೇ ಓಡಿಸುವ ಇದರ ಮುಂದೆ ವಿದ್ಯುತ್ ಕಂಪ್ರೆಸರು ಆಟಿಕೆಯಂತೆ ಕಾಣುತ್ತದೆ. ಆದರೆ ಎಂಜಿನು ನಿಂತರೆ ಗಾಳಿಯೂ ನಿಂತಿತು. ಗಾಳಿಯೊಡನೆ ಬರುವ ಎಣ್ಣೆಯ ಹನಿಗಳನ್ನು ಸೋಸದಿದ್ದರೆ ಮುಂದಿನ ಕವಾಟಗಳು ಕೊಳಕಾಗುತ್ತವೆ. ಇಂದಿನ ಇಕ್ಕಟ್ಟಿನ ಎಂಜಿನ್ ಗೂಡಿನಲ್ಲಿ ಅದಕ್ಕೆ ಜಾಗವೂ ದುರ್ಲಭ.

ಮೂರನೆಯ ಮಾರ್ಗ ಕಾರ್ಬನ್ ಡೈಆಕ್ಸೈಡಿನ ಸಿಲಿಂಡರು. ವಿಜ್ಞಾನದ ದೃಷ್ಟಿಯಿಂದ ಇದೇ ಅತ್ಯಂತ ರೋಚಕ, ಅಪಾಯದ ದೃಷ್ಟಿಯಿಂದಲೂ. ಅಡುಗೆಮನೆಯ ಗ್ಯಾಸಿನಂತೆ ಇದೂ ಒಳಗೆ ದ್ರವವಾಗಿರುತ್ತದೆ. 20 ಡಿಗ್ರಿ ಸೆಲ್ಸಿಯಸಿನಲ್ಲಿ ಒಳಗಿನ ಒತ್ತಡ 800 ಪಿ.ಎಸ್.ಐ.ಗೂ ಮಿಗಿಲು, ರೆಗ್ಯುಲೇಟರು ಅದನ್ನು ಇಳಿಸಿ ಹೊರಬಿಡುತ್ತದೆ. ಮೋಟರಿಲ್ಲ, ಸದ್ದಿಲ್ಲ, ಬ್ಯಾಟರಿಯ ಹಂಗಿಲ್ಲ. ನಾಲ್ಕೂವರೆ ಕಿಲೋ ದ್ರವದಿಂದ ಸುಮಾರು 2,500 ಲೀಟರ್ ಅನಿಲ ದೊರೆಯುತ್ತದೆ, ಅಂದರೆ ಆರು ವಾಹನಗಳ ಟೈರುಗಳಿಗೆ ಸಾಲುವಷ್ಟು. ಉಳಿದುದೆಷ್ಟೆಂದು ಒತ್ತಡದ ಮಾಪಕ ನೋಡಿ ತಿಳಿಯಲಾಗದು; ದ್ರವದ ಕೊನೆಯ ಹನಿ ಇರುವವರೆಗೂ ಮುಳ್ಳು ಹೆಚ್ಚುಕಡಿಮೆ ಅಲ್ಲೇ ನಿಂತಿರುತ್ತದೆ. ಗ್ಯಾಸ್ ಸಿಲಿಂಡರಿನಂತೆ ತೂಗಿ ನೋಡಬೇಕು. ನೆಟ್ಟಗೆ ನಿಲ್ಲಿಸಿಯೇ ಬಳಸಬೇಕು. ಮಲಗಿಸಿದರೆ ದ್ರವವೇ ನುಗ್ಗಿ ರೆಗ್ಯುಲೇಟರು ಹೆಪ್ಪುಗಟ್ಟುತ್ತದೆ.

31 ಡಿಗ್ರಿ ದಾಟಿದರೆ ಈ ವಸ್ತುವಿನಲ್ಲಿ ದ್ರವ, ಅನಿಲ ಎಂಬ ಭೇದವೇ ಅಳಿಯುತ್ತದೆ. ಅಲ್ಲಿಂದಾಚೆ ತುಂಬಿದ ಸಿಲಿಂಡರಿನ ಒತ್ತಡ ಶೀಘ್ರವಾಗಿ ಏರುತ್ತದೆ. ಏಪ್ರಿಲಿನ ಬಿಸಿಲಿನಲ್ಲಿ ಕಿಟಕಿ ಮುಚ್ಚಿ ನಿಲ್ಲಿಸಿದ ವಾಹನದ ಒಳಗೆ ಆ ಗಡಿ ದಾಟಲು ಹೆಚ್ಚು ಹೊತ್ತು ಬೇಡ. ಸಿಲಿಂಡರಿನ ಸುರಕ್ಷಾ ಬಿಲ್ಲೆ ಒಡೆದು ಅನಿಲವನ್ನು ಹೊರಬಿಡುವುದು ಸಿಲಿಂಡರು ಸಿಡಿಯದಿರಲೆಂದೇ. ಆದರೆ ಹೊರಬಿಟ್ಟ ಅನಿಲ ಎಲ್ಲಿಗೆ ಹೋಗುತ್ತದೆ? ಒಂದು ಕಿಲೋ ಸೋರಿದರೂ 550 ಲೀಟರ್. ಜೀಪಿನ ಒಳಾವಕಾಶ ಮೂರೂವರೆ ಸಾವಿರ ಲೀಟರೆಂದು ಹಿಡಿದರೆ ಅದರ ಎಂಟನೆಯ ಒಂದು ಪಾಲಿಗೂ ಮಿಕ್ಕಿ ಈ ಅನಿಲವೇ ತುಂಬಿತೆಂದಾಯಿತು. ನೂರಕ್ಕೆ ಹತ್ತರಷ್ಟಾದರೆ ಕೆಲವೇ ನಿಮಿಷಗಳಲ್ಲಿ ಮನುಷ್ಯನ ಪ್ರಜ್ಞೆ ತಪ್ಪುತ್ತದೆ, ಬಣ್ಣವಿಲ್ಲ, ವಾಸನೆಯಿಲ್ಲ. ಹಿಂದಿನ ಸೀಟಿನಲ್ಲಿ ಮಕ್ಕಳು ನಿದ್ದೆಹೋಗುವ ವಾಹನದೊಳಗೆ ಈ ಸಿಲಿಂಡರಿಗೆ ಸ್ಥಾನವಿಲ್ಲ. ತೆರೆದ ಹಿಂಬದಿಯುಳ್ಳ ಪಿಕಪ್ಪಿನಲ್ಲಿ, ನೆರಳಿನಲ್ಲಿ, ಬಿಗಿಯಾಗಿ ಕಟ್ಟಿದರೆ ಅದು ಒಳ್ಳೆಯ ಸಾಧನ.

ಕಂಪ್ರೆಸರಿನೊಂದಿಗೆ ತೊಟ್ಟಿಯೊಂದನ್ನು ಇರಿಸಿಕೊಂಡರೆ ಎಲ್ಲವೂ ಸರಿಹೋದೀತೆಂಬ ನಂಬಿಕೆಯನ್ನೂ ಲೆಕ್ಕಕ್ಕೆ ಒಡ್ಡಿ ನೋಡಬೇಕು. 100 ಪಿ.ಎಸ್.ಐ. ತುಂಬಿದ ಹತ್ತು ಲೀಟರಿನ ತೊಟ್ಟಿ 85ಕ್ಕೆ ಇಳಿಯುವುದರೊಳಗೆ ಲಾಕನ್ನು ಹದಿನಾಲ್ಕು ಬಾರಿ ತೊಡಿಸಬಲ್ಲುದು. ಅದೇ ತೊಟ್ಟಿ ಟೈರಿಗೆ ಕೊಡಬಲ್ಲುದು 44 ಲೀಟರ್, ಅಂದರೆ ಒಂದೇ ಟೈರಿನ ಅರ್ಧ ಭರ್ತಿ. ಕಂಪ್ರೆಸರು ಹಠಾತ್ತನೆ ಕೆಟ್ಟರೆ ಲಾಕನ್ನು ಕಾಪಾಡುವುದು ತೊಟ್ಟಿಯ ಗುಣ. ಟೈರಿಗೆ ಅದು ನೆರವಾಗದು. ನೀರಿನ ಪಿ.ವಿ.ಸಿ. ಕೊಳವೆಗೆ ಮುಚ್ಚಳ ಅಂಟಿಸಿ ತೊಟ್ಟಿ ಮಾಡುವ ಮಿತವ್ಯಯ ಮಾತ್ರ ಬೇಡವೇ ಬೇಡ. ನೀರಿನ ಒತ್ತಡವೇ ಬೇರೆ, ಅಡಕಿಸಿದ ಗಾಳಿಯೇ ಬೇರೆ. ಒಡೆದರೆ ಪ್ಲಾಸ್ಟಿಕ್ಕಿನ ಚೂರುಗಳು ಚಾಕುವಿನಂತೆ ಹಾರುತ್ತವೆ. ಸುರಕ್ಷಾ ಕವಾಟವುಳ್ಳ ಲೋಹದ ತೊಟ್ಟಿಯೇ ಆಗಬೇಕು. ಕರಾವಳಿಯ ತೇವದ ಗಾಳಿಯನ್ನು ಎಂಟು ಪಟ್ಟು ಅಡಕಿಸಿದಾಗ ಅದರ ನೀರು ತೊಟ್ಟಿಯ ತಳಕ್ಕೆ ಇಳಿಯುವುದರಿಂದ ಆಗಾಗ ಬಸಿದು ತೆಗೆಯಬೇಕು.

ಕೇರಳದಲ್ಲಾಗಲಿ ದೇಶದ ಬೇರೆಡೆಯಾಗಲಿ, ನೋಂದಾಯಿತ ವಾಹನದ ತಯಾರಕರ ವಿವರಗಳಿಗೆ ಮಾರ್ಪಾಡು ಮಾಡುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ಮಿತಿ ಹೇರಿದೆ. ಗ್ಯಾರೇಜಿಗೆ ಹೋಗುವ ಮೊದಲೇ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಉಚಿತ.

ಗಾಳಿಯ ಮೂಲ ಯಾವುದಾದರೂ ಆಗಲಿ, ಏರಿನ ನಡುವೆ ಕೈಕೊಡುವುದು ಹೆಚ್ಚಾಗಿ ಮೂಲವಲ್ಲ, ಪೆನ್ಸಿಲಿಗಿಂತ ತೆಳ್ಳನೆಯ ಆ ನೈಲಾನ್ ಕೊಳವೆ. ಅದು ಸೈಲೆನ್ಸರಿನ ಬಿಸಿಗೆ ಕರಗುತ್ತದೆ, ಕಲ್ಲಿಗೆ ಉಜ್ಜಿ ತೂತಾಗುತ್ತದೆ. ಗಾಳಿ ಸೋರಿತೆಂದರೆ ಸ್ಪ್ರಿಂಗ್ ತನ್ನ ಕೆಲಸ ಮಾಡುತ್ತದೆ, ಲಾಕು ಬಿಡುತ್ತದೆ. ಪರೀಕ್ಷೆ ಸುಲಭ: ಮನೆಯಂಗಳದಲ್ಲಿ ಲಾಕನ್ನು ತೊಡಿಸಿ, ಕಂಪ್ರೆಸರು ನಿಂತ ಮೇಲೆ ಕಾಲು ಗಂಟೆ ಕಿವಿಗೊಟ್ಟು ಕೂತರಾಯಿತು. ನಡುವೆ ಅದು ಮತ್ತೆ ಗುರುಗುಟ್ಟಿದರೆ ಎಲ್ಲೋ ಸೋರುತ್ತಿದೆ. ಸಾಬೂನಿನ ನೀರು ಸವರಿದರೆ ಗುಳ್ಳೆಗಳು ಜಾಗ ತೋರಿಸುತ್ತವೆ. ಅನುಭವಿಗಳು ಒಂದು ಗೇಣು ಹೆಚ್ಚುವರಿ ಕೊಳವೆಯನ್ನೂ ಜೋಡಣೆಯ ಬಿಡಿಭಾಗವನ್ನೂ ಕೈಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತಾರೆ.

ಆ ಕೊಳವೆಯ ದಾರಿಯಲ್ಲಿ ಸಾಮಾನ್ಯ ಟೈರಿನ ವಾಲ್ವೊಂದನ್ನು ಕೂರಿಸಿಟ್ಟುಕೊಂಡರೆ ಇನ್ನೊಂದು ಉಪಾಯವೂ ಉಂಟು. ಕಂಪ್ರೆಸರು ಸುಟ್ಟು, ಬ್ಯಾಟರಿ ಸೋತು ನಿಂತಾಗಲೂ ಲೋಟದಷ್ಟು ಜಾಗವನ್ನು 100 ಪಿ.ಎಸ್.ಐ.ಗೆ ಏರಿಸುವುದು ಮನುಷ್ಯನ ತೋಳಿಗೆ ಮೀರಿದ್ದಲ್ಲ. ಶಾಲೆಗೆ ಹೋಗುವ ಹುಡುಗಿಯ ಸೈಕಲಿಗೆ ಮನೆಯಲ್ಲಿರುವ, ನೆಲಕ್ಕೆ ಊರಿ ಒತ್ತುವ ಉದ್ದನೆಯ ಪಂಪು, ಸುಸ್ಥಿತಿಯಲ್ಲಿದ್ದರೆ, ಕೆಲವೇ ಒತ್ತುಗಳಲ್ಲಿ ಆ ಕೆಲಸ ಮಾಡುತ್ತದೆ.