ಗಾಜಿನ ಗೋಡೆಯೊಳಗಿನ ಕಡಲು

ದಡದಲ್ಲಿ ನಿಂತು ಕಡಲನ್ನು ನೋಡಿದವರಿಗೆ ಅದರ ಅರ್ಧವೂ ಕಂಡಂತಾಗಲಿಲ್ಲ. ತೆರೆ, ನೊರೆ, ದಿಗಂತ ಇವೆಲ್ಲವೂ ಕಡಲಿನ ಮೇಲುಹೊದಿಕೆ ಮಾತ್ರ. ಆ ಹೊದಿಕೆಯನ್ನು ಸರಿಸಿ ಒಳಹೊಕ್ಕು ನೋಡಬೇಕೆಂಬ ಹಂಬಲ ಮನುಷ್ಯನಿಗೆ ಬಹು ಹಿಂದಿನಿಂದಲೂ ಇದ್ದಿತು, ಅಡ್ಡಬಂದುದು ಉಸಿರು. 1943ರಲ್ಲಿ ಫ್ರಾನ್ಸಿನ ನೌಕಾಧಿಕಾರಿ ಝಾಕ್ ಕುಸ್ತೋ ಮತ್ತು ಇಂಜಿನಿಯರ್ ಎಮಿಲ್ ಗಾನ್ಯಾ ಅವರು ‘ಅಕ್ವಾ ಲಂಗ್’ ಎಂಬ ಸಲಕರಣೆಯನ್ನು ಸಿದ್ಧಪಡಿಸಿದರು. ಬೆನ್ನ ಮೇಲಿನ ಸಿಲಿಂಡರಿನಿಂದ, ಉಸಿರೆಳೆದಾಗ ಮಾತ್ರ, ಬೇಕಾದಷ್ಟೇ ಗಾಳಿಯನ್ನು ಬಾಯಿಗೆ ಒದಗಿಸುವ ಉಪಾಯ ಅದು. ಅಲ್ಲಿಂದ ಮುಂದೆ ಕಡಲಿನ ಬಾಗಿಲು ಸಾಮಾನ್ಯರಿಗೂ ತೆರೆಯಿತು. ಇಂದು ಸ್ಕೂಬಾ ಡೈವಿಂಗ್ ಎಂದು ಹೆಸರಾಗಿರುವುದು ಈ ವಿದ್ಯೆಯೇ.

ಈ ವಿದ್ಯೆ ಈಗ ಕಡಲನ್ನು ಬಿಟ್ಟು ಒಳನಾಡಿಗೂ ಬಂದು ನೆಲೆಸಿದೆ. ಅಮೆರಿಕದ ಫ್ಲಾರಿಡಾ ಸಂಸ್ಥಾನದ ಆರ್ಲಾಂಡೋ ನಗರದ ಬಳಿ, ವಾಲ್ಟ್ ಡಿಸ್ನಿ ವರ್ಲ್ಡಿನ ಎಪ್ಕಾಟ್ ಎಂಬ ವಿನೋದವನವಿದೆ. ಅಲ್ಲಿ 1986ರಲ್ಲಿ ‘ದಿ ಲಿವಿಂಗ್ ಸೀಸ್’ ಎಂಬ ಮತ್ಸ್ಯಾಗಾರ ತೆರೆಯಿತು. 2003ರ ಚಲನಚಿತ್ರದಿಂದ ಮಕ್ಕಳ ಮನಸ್ಸನ್ನು ಗೆದ್ದ ನೀಮೋ ಎಂಬ ಪುಟ್ಟ ಮೀನಿನ ಹೆಸರನ್ನು ಮುಂದೆ ಅದಕ್ಕೆ ಜೋಡಿಸಲಾಯಿತು. ಅಲ್ಲಿರುವುದು ಒಂದು ದುಂಡಾದ ತೊಟ್ಟಿ. ತೊಟ್ಟಿಯೆಂದರೆ ಮನೆಯ ಹಿತ್ತಿಲಿನ ತೊಟ್ಟಿಯಲ್ಲ. 203 ಅಡಿ ವ್ಯಾಸ, 27 ಅಡಿ ಆಳ, 57 ಲಕ್ಷ ಗ್ಯಾಲನ್, ಅಂದರೆ ಎರಡು ಕೋಟಿ ಲೀಟರಿಗೂ ಹೆಚ್ಚು ಉಪ್ಪುನೀರು! ಷಾರ್ಕುಗಳು, ತೊರಕೆಗಳು, ಕಡಲಾಮೆಗಳು, ಬಣ್ಣಬಣ್ಣದ ಮೀನುಗಳ ಹಿಂಡು, ಎಲ್ಲವೂ ಅಲ್ಲಿವೆ. ಡೈವಿಂಗ್ ಕಲಿತವರನ್ನು ಈ ನೀರಿಗಿಳಿಸುವ ಏರ್ಪಾಟು ‘ಡೈವ್‌ಕ್ವೆಸ್ಟ್’ ಎಂಬ ಹೆಸರಿನಲ್ಲಿ ನಡೆದುಬಂದಿದೆ. ನೀರಿನೊಳಗೆ ಕಳೆಯುವ ಕಾಲ ಸುಮಾರು ನಲವತ್ತು ನಿಮಿಷ. 2010ರ ದಶಕದಲ್ಲಿ ಇದರ ಶುಲ್ಕ ತಲೆಗೆ 175 ಡಾಲರಿನ ಸುಮಾರಿನಲ್ಲಿತ್ತು.

ನಲವತ್ತು ನಿಮಿಷಕ್ಕೆ ಇಷ್ಟು ಹಣ ತೆತ್ತು ತೊಟ್ಟಿಯಲ್ಲಿ ಮುಳುಗುವುದು ಸಾರ್ಥಕವೇ?

ಕಡಲಿನಲ್ಲಿ ಪಳಗಿದವರನ್ನು ಕೇಳಿದರೆ ನಕ್ಕುಬಿಡುತ್ತಾರೆ. ಅವರ ನಗುವಿಗೆ ಕಾರಣವಿಲ್ಲದಿಲ್ಲ. ಆರ್ಲಾಂಡೋದಿಂದ ದಕ್ಷಿಣಕ್ಕೆ ನಾಲ್ಕೈದು ಗಂಟೆಗಳ ರಸ್ತೆ ಪ್ರಯಾಣ ಮಾಡಿದರೆ ಕೀ ಲಾರ್ಗೋ ದ್ವೀಪ ಸಿಗುತ್ತದೆ. ಅದರಾಚೆಯ ನೀರಿನಲ್ಲಿ ಜೀವಂತ ಹವಳದ ದಿಬ್ಬಗಳಿವೆ. 1965ರಲ್ಲಿ ಅಲ್ಲಿ, ಸುಮಾರು 25 ಅಡಿ ಆಳದಲ್ಲಿ, ಎರಡು ಕೈಗಳನ್ನೂ ಮೇಲಕ್ಕೆತ್ತಿ ನಿಂತ ಕ್ರಿಸ್ತನ ಕಂಚಿನ ಪ್ರತಿಮೆಯೊಂದನ್ನು ಇರಿಸಲಾಯಿತು. ಆಳ ಹೆಚ್ಚುಕಡಿಮೆ ತೊಟ್ಟಿಯದೇ. ಆದರೆ ಲೋಕವೇ ಬೇರೆ. ಅಲ್ಲಿನ ಮೀನು ತನ್ನ ಊಟವನ್ನು ತಾನೇ ಹುಡುಕುತ್ತದೆ; ತೊಟ್ಟಿಯ ಮೀನಿಗೆ ಹೊತ್ತುಹೊತ್ತಿಗೆ ಬಡಿಸುವವರಿದ್ದಾರೆ. ಅಲ್ಲಿನ ಹವಳ ಬೆಳೆಯುತ್ತದೆ. ಎಪ್ಕಾಟಿನ ಹವಳ ಮನುಷ್ಯರು ಮಾಡಿಟ್ಟುದು. ಹಣ ಅಷ್ಟೇ ಇದ್ದರೆ, ಕೃತಕ ಕಡಲಿನಲ್ಲಿ ಒಮ್ಮೆ ಮುಳುಗುವ ಬದಲು ನಿಜವಾದ ಕಡಲಿಗೇ ದೋಣಿಯಲ್ಲಿ ಹೋಗಬಾರದೇಕೆ ಎಂಬುದು ಇವರ ವಾದ.

ವಾದ ಬಲವಾದುದೇ. ಆದರೆ ಕಡಲು ಯಾರ ಮುಲಾಜಿಗೂ ಒಳಪಡುವುದಿಲ್ಲವೆಂಬುದನ್ನು ಇವರು ಹೇಳುವುದಿಲ್ಲ. ಗಾಳಿ ಎದ್ದರೆ ದೋಣಿ ಹೊರಡದು. ಹೊರಟರೂ ತೆರೆಗಳ ಹೊಯ್ದಾಟಕ್ಕೆ ಹೊಟ್ಟೆ ತೊಳಸಿ, ನೀರಿಗಿಳಿಯುವ ಮೊದಲೇ ಉತ್ಸಾಹ ಇಳಿದುಹೋಗಬಹುದು. ಇಳಿದರೂ ನೀರು ಕದಡಿದ್ದರೆ ಕಾಣುವುದು ತನ್ನ ಕೈ ಮಾತ್ರ. ತೊಟ್ಟಿಯಲ್ಲಿ ಈ ಯಾವ ತಾಪತ್ರಯವೂ ಇಲ್ಲ. ನೀರು ತಿಳಿ, ಸೆಳೆತವಿಲ್ಲ, ಷಾರ್ಕು ಕಂಡೇ ಕಾಣುತ್ತದೆ. ವಾರದ ರಜೆಯಲ್ಲಿ ಸಂಸಾರವನ್ನು ಕಟ್ಟಿಕೊಂಡು ಬಂದವನಿಗೆ ಈ ಖಾತರಿಯೂ ಬೆಲೆಯುಳ್ಳ ವಸ್ತುವೇ ಸರಿ. ಮಾರುವವರೂ ಅಲ್ಲಿ ಕಡಲನ್ನು ಮಾರುತ್ತಿಲ್ಲ, ಖಾತರಿಯನ್ನು ಮಾರುತ್ತಿದ್ದಾರೆ.

ಆ ಖಾತರಿಯಲ್ಲೇ ಒಂದು ಅಪಾಯವೂ ಅಡಗಿದೆ. ತೊಟ್ಟಿಯಲ್ಲಿ ಸುಖವಾಗಿ ಈಜಿ ಬಂದವನು ತನಗೆ ಕಡಲೂ ವಶವಾಯಿತೆಂದು ಭ್ರಮಿಸಬಾರದು. ಸೆಳೆತದ ವಿರುದ್ಧ ಈಜುವುದು, ಮಬ್ಬಿನಲ್ಲಿ ದಿಕ್ಕು ತಿಳಿಯುವುದು, ತೂಗಾಡುವ ದೋಣಿಗೆ ಮರಳಿ ಹತ್ತುವುದು, ಇವು ಯಾವುವನ್ನೂ ತೊಟ್ಟಿ ಕಲಿಸುವುದಿಲ್ಲ. ಹಾಗೆಂದು ತೊಟ್ಟಿಯ ನೀರನ್ನೂ ಹಗುರವಾಗಿ ಎಣಿಸುವಂತಿಲ್ಲ. 27 ಅಡಿ ಆಳದಲ್ಲಿ ದೇಹದ ಮೇಲಿನ ಒತ್ತಡ ನೆಲದ ಮೇಲಿನದಕ್ಕಿಂತ ಸುಮಾರು ಒಂದೂಮುಕ್ಕಾಲು ಪಟ್ಟು. ಅಲ್ಲಿ ಎದೆ ತುಂಬ ಗಾಳಿ ಎಳೆದು, ಉಸಿರು ಬಿಗಿಹಿಡಿದು ಮೇಲಕ್ಕೇರಿದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶವನ್ನೇ ಹರಿಯಬಹುದು. ನಾಲ್ಕೈದು ಅಡಿಗಳ ಏರಿಕೆಯೂ ಇದಕ್ಕೆ ಸಾಕು. ಉಸಿರಾಟವನ್ನು ಎಂದಿಗೂ ತಡೆಯಬಾರದೆಂಬುದು ಈ ವಿದ್ಯೆಯ ಮೊದಲ ಪಾಠವಾಗಿರುವುದು ಇದಕ್ಕಾಗಿಯೇ.

ಆದುದರಿಂದಲೇ ಡೈವ್‌ಕ್ವೆಸ್ಟಿಗೆ ಕ್ರಮವಾಗಿ ಕಲಿತು ಸರ್ಟಿಫಿಕೇಟು ಪಡೆದವರೇ ಬೇಕು. ನಮ್ಮ ಕಡೆಯಿಂದ ಹೋಗುವವರು ಎಡವುವುದು ಇಲ್ಲಿಯೇ. ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಬಳಿ ಎಷ್ಟೋ ಮಂದಿ ಕನ್ನಡಿಗರು ನೀರಿಗಿಳಿದು ಬಂದಿದ್ದಾರೆ. ಆದರೆ ಅವರಲ್ಲಿ ಬಹುಮಂದಿ ಶಿಕ್ಷಕನ ಕೈಹಿಡಿದು ಒಮ್ಮೆ ಇಳಿದವರು, ಕಲಿತು ತೇರ್ಗಡೆಯಾದವರಲ್ಲ. ನೀರಿನೊಳಗೆ ತೆಗೆಸಿಕೊಂಡ ಛಾಯಾಚಿತ್ರ ಎಷ್ಟೇ ಸೊಗಸಾಗಿದ್ದರೂ ಅದು ಸರ್ಟಿಫಿಕೇಟಾಗಲಾರದು. ಹಲವು ದಿನಗಳ ಶಿಕ್ಷಣ ಪಡೆದು ‘ಓಪನ್ ವಾಟರ್’ ದರ್ಜೆಯ ಕಾರ್ಡನ್ನು ಗಳಿಸಿದವರ ಮಾತು ಬೇರೆ.

ಇನ್ನೊಂದು ಎಚ್ಚರವೂ ಅಗತ್ಯ. ಮುಳುಗಿ ಎದ್ದವರು ಕೂಡಲೇ ವಿಮಾನ ಹತ್ತಕೂಡದು. ನೀರಿನೊತ್ತಡದಲ್ಲಿ ರಕ್ತ ಮಾಂಸಗಳೊಳಗೆ ಸೇರಿದ ಸಾರಜನಕ, ಎತ್ತರದ ವಿರಳ ಗಾಳಿಯಲ್ಲಿ ಗುಳ್ಳೆಗಳಾಗಿ ಹೊರಬಂದು ಕೀಲುನೋವಿಗೂ ಅದಕ್ಕಿಂತ ದೊಡ್ಡ ಕೇಡಿಗೂ ಕಾರಣವಾದೀತು. ಒಂದೇ ಸಲ ಮುಳುಗಿದ್ದರೆ ಕನಿಷ್ಠ 12 ಗಂಟೆ, ಹಲವು ಸಲವಾದರೆ ಕನಿಷ್ಠ 18 ಗಂಟೆ ತಡೆಯಬೇಕೆಂಬುದು ತಿಳಿದವರ ನಿಯಮ. ಪ್ರವಾಸದ ಕೊನೆಯ ದಿನಕ್ಕೆ ಈ ವಿನೋದವನ್ನು ಮೀಸಲಿಡುವುದು ಜಾಣತನವಲ್ಲ.

ಇಷ್ಟಾದರೂ ಮೊದಲಿನ ಪ್ರಶ್ನೆ ಪೂರ್ತಿ ತೀರಲಿಲ್ಲ. ನೀರಿಗಿಳಿಯುವವನೊಬ್ಬನ ಲಾಭನಷ್ಟವನ್ನು ಮಾತ್ರ ಲೆಕ್ಕಹಾಕಿದರೆ ತಕ್ಕಡಿ ಕಡಲಿನ ಕಡೆಗೇ ವಾಲುವುದು. ಆದರೆ ತೊಟ್ಟಿಗೆ ಗಾಜಿನ ಗೋಡೆಯುಂಟು. ಆ ಗೋಡೆಯ ಈಚೆಗೂ ಮನುಷ್ಯರುಂಟು.

ಒಂದು ಸಂಸಾರವನ್ನು ಊಹಿಸಿಕೊಳ್ಳಬಹುದು. ಮಗ ಅಮೆರಿಕದಲ್ಲಿ ಉದ್ಯೋಗಿ. ಅವನನ್ನೂ ಸೊಸೆಯನ್ನೂ ಮೊಮ್ಮಕ್ಕಳನ್ನೂ ನೋಡಲು ತಾಯಿ ಬೆಂಗಳೂರಿನಿಂದ ಬಂದಿದ್ದಾರೆ. ಮಗನಿಗೆ ಮುಳುಗುವ ಹುಚ್ಚು. ತಾಯಿಗೆ ನೀರೆಂದರೆ ದಿಗಿಲು. “ಈ ನೀರಿನ ಗೊಡವೆ ನಿನಗೆ ಯಾಕಪ್ಪ?” ಎಂದು ಎಷ್ಟು ಸಲ ಹೇಳಿದ್ದಾರೋ! ಅವನು ಕಡಲಿಗೆ ಹೋದ ದಿನ ಆಕೆ ಗಡಿಯಾರ ನೋಡುತ್ತ, ದೇವರನ್ನು ನೆನೆಯುತ್ತ ಕೂಡಬೇಕು. ಅವನು ಮರಳಿ ಬಂದು ಎಷ್ಟೇ ಬಣ್ಣಿಸಿದರೂ ಆಕೆಯ ಕಿವಿಗೆ ಬೀಳುವುದು ಅವನು ಬದುಕಿ ಬಂದನೆಂಬ ಒಂದೇ ಸುದ್ದಿ. ಎಪ್ಕಾಟಿನಲ್ಲಿಯಾದರೋ ಆಕೆ ಗಾಜಿನೆದುರು ನಿಲ್ಲುತ್ತಾರೆ. ಕಪ್ಪು ಉಡುಪಿನ ಮಗ ಆಮೆಯ ಪಕ್ಕದಲ್ಲಿ ತೇಲಿ ಬಂದು ಕೈ ಬೀಸುತ್ತಾನೆ. ಮೊಮ್ಮಗು “ಅಪ್ಪ, ಅಪ್ಪ!” ಎಂದು ಗಾಜಿಗೆ ಅಂಗೈ ಒತ್ತುತ್ತದೆ. ಮಗ ಇಷ್ಟು ವರ್ಷ ಬಣ್ಣಿಸುತ್ತಿದ್ದುದು ಏನೆಂಬುದು ಆಕೆಗೆ ಅಂದು ಮೊದಲ ಬಾರಿ ತಿಳಿಯುತ್ತದೆ. ಹೆದರಿಕೆ ಪೂರ್ತಿ ಹೋಗದಿರಬಹುದು. ಆದರೆ ಹೆದರಿಕೆಯ ಜೊತೆಗೆ ಒಂದಿಷ್ಟು ಬೆರಗೂ ಸೇರುತ್ತದೆ.

ಕೀ ಲಾರ್ಗೋದ ಕಡಲು ಎಷ್ಟೇ ಚೆಲುವಾಗಿದ್ದರೂ ಇದನ್ನು ಕೊಡಲಾರದು. ಅಲ್ಲಿ ದೋಣಿಯಲ್ಲಿ ಕಾದು ಕುಳಿತವರಿಗೆ ಕಾಣುವುದು ನೀರಿನ ಮೇಲೆದ್ದು ಒಡೆಯುವ ಗುಳ್ಳೆಗಳು ಮಾತ್ರ.

ಒಂಟಿಯಾಗಿ ಹೋಗುವವನು, ಕಡಲನ್ನು ಅರಿಯಬೇಕೆನ್ನುವವನು, ಹಣವನ್ನು ಎಣಿಸಿ ಖರ್ಚುಮಾಡುವವನು ನಿಜವಾದ ಕಡಲಿಗೇ ಹೋಗಲಿ. ತೊಟ್ಟಿ ಅವನಿಗೆ ಸಪ್ಪೆಯೆನಿಸೀತು. ಮನೆಯವರನ್ನು ದಡದಲ್ಲಿ ಬಿಟ್ಟು ಎಷ್ಟೋ ಸಲ ಮುಳುಗಿ ಬಂದವನು ಮಾತ್ರ, ಒಂದು ಸಲ, ಅವರೆಲ್ಲರ ಕಣ್ಣೆದುರಿಗೆ ಈ ತೊಟ್ಟಿಯಲ್ಲಿ ಇಳಿಯಲಿ. ತನ್ನ ಸಂತೋಷವನ್ನು ತನ್ನವರಿಗೆ ಕಣ್ಣಾರೆ ತೋರಿಸುವ ಅವಕಾಶಕ್ಕೆ ತೆತ್ತ ಹಣ ನೀರಿನಲ್ಲಿ ಹೋಮವಾಯಿತೆಂದು ಯಾರೂ ಹೇಳಲಾರರು.